ಇಪ್ಪತ್ತೇಳನೇ ಪುಟದ ಮೀನು

ಎಲ್ಸ್‌ಪೆಟ್ ಸ್ಲೇಟರ್ ಓದಿ ಮುಗಿಸಿದ ಪ್ರತಿ ಪುಸ್ತಕದ ಇಪ್ಪತ್ತೇಳನೇ ಪುಟದ ಮೂಲೆಯಲ್ಲಿ ಪೆನ್ಸಿಲಿನ ಒಂದು ಪುಟ್ಟ ಮೀನು ಇರುತ್ತದೆ. ಅವರ ಮನೆಯ ನಂಬರು ಇಪ್ಪತ್ತೇಳು. ಕೊಲೆ ಕಾದಂಬರಿಗಳು ಒಂದರಂತೆ ಇನ್ನೊಂದು ಇರುತ್ತವಲ್ಲ, ಅದೇ ಮಳೆ, ಅದೇ ಹೆಣ, ಹೆಂಡತಿ ಬಿಟ್ಟುಹೋದ ಅದೇ ಇನ್ಸ್‌ಪೆಕ್ಟರು. ಓದಿದ್ದನ್ನೇ ಮತ್ತೆ ಒಯ್ಯಬಾರದೆಂದು ಪೋರ್ಟ್‌ಸ್ಕೇಲ್ ಎಂಬ ನಮ್ಮ ಬಂದರೂರಿನ ಮುದುಕ ಮುದುಕಿಯರೆಲ್ಲ ಹೀಗೊಂದು ಗುರುತು ಹಾಕುತ್ತಾರೆ. ಒಬ್ಬರದು ಚುಕ್ಕಿ, ಇನ್ನೊಬ್ಬರದು ಲಂಗರು. ನಿಯಮದ ಪ್ರಕಾರ ಲೈಬ್ರರಿಯವನಾದ ನಾನು ಅವನ್ನು ಅಳಿಸಬೇಕು. ಮೂವತ್ತು ವರ್ಷದಿಂದ ರಬ್ಬರು ಡ್ರಾಯರಿನಲ್ಲೇ ಇದೆ, ಒಂದನ್ನೂ ಅಳಿಸಿಲ್ಲ. ಹಾಗಂತ ನನ್ನನ್ನು ಒಳ್ಳೆಯವನೆಂದು ತಿಳಿಯಬೇಡಿ. ನಾನು ಮಾಡಿದ ಹಲ್ಕಾ ಕೆಲಸವನ್ನು ಹೇಳದೆ ಎಲ್ಸ್‌ಪೆಟ್ ಅವರ ಬಗ್ಗೆ ಬರೆಯಲು ನನಗೆ ಸಾಧ್ಯವಿಲ್ಲ.

ಹದಿನೈದನೇ ವಯಸ್ಸಿಗೆ ಮೀನು ಹೆಚ್ಚುವ ಶೆಡ್ಡಿಗೆ ಸೇರಿ ನಲವತ್ತೈದು ವರ್ಷ ಚಾಕು ಹಿಡಿದ ಹೆಂಗಸು ಅವರು. ಈಗ ಎಪ್ಪತ್ತಾರು. ಮಕ್ಕಳಿಲ್ಲ. ಗಂಡ ಆಲಿಕ್ ಹೋಗಿ ನಲವತ್ತು ವರ್ಷವಾಯಿತು. ಪ್ರತಿ ಮಂಗಳವಾರ ಹತ್ತೂವರೆಗೆ ಚಕ್ರದ ಚೀಲ ಎಳೆದುಕೊಂಡು ಬಂದು, ನಾಲ್ಕು ಪುಸ್ತಕ ಹಿಂತಿರುಗಿಸಿ, ನಾಲ್ಕು ಒಯ್ಯುತ್ತಿದ್ದರು. ಚೀಲದ ತಳದಲ್ಲಿ ನನಗೆಂದು ಒಂದು ತಗಡಿನ ಡಬ್ಬಿ. ಒಳಗೆ ಅವರೇ ಕಾಯಿಸಿ ಕತ್ತರಿಸಿದ ಹಾಲುಸಕ್ಕರೆಯ ಮಿಠಾಯಿ.

ಒಂದು ಫೆಬ್ರವರಿಯಲ್ಲಿ, ಹೊರಗೆ ಆಲಿಕಲ್ಲು ಬೀಳುತ್ತಿತ್ತು, ಒಳಗೆ ನಾವಿಬ್ಬರೇ. ಅಮೆರಿಕದವರ ಹೊಸ ಪುಸ್ತಕವೊಂದನ್ನು ಅವರ ಮುಂದಿಟ್ಟೆ. ಹಿಂದಕ್ಕೆ ತಳ್ಳಿದರು.

"ಬೇಡ ಕಣೋ ವಾಟಿ. ಅಲ್ಲಿ ಹೆಣ ಬಿದ್ರೆ ಗುಂಡು ಹಾರುತ್ತೆ, ಕಾರು ಓಡುತ್ತೆ. ನಮ್ಮೋರ ಪುಸ್ತಕದಲ್ಲಿ ಹೆಣ ಬಿದ್ರೆ ಹೊಟ್ಟೆಹುಣ್ಣಿನ ಒಬ್ಬ ಸಿಡುಕ ಬಂದು ಮನೆಮನೆ ಬಾಗಿಲು ತಟ್ತಾನೆ. 'ನಿನ್ನೆ ನಾಕು ಗಂಟೆಗೆ ಎಲ್ಲಿದ್ರಿ?' ಅಂತಾನೆ. ಸುಳ್ಳು ಹೇಳಿದ್ರೆ ಮಾರನೇ ದಿನ ಮತ್ತೆ ಬರ್ತಾನೆ. ನಮ್ಮೂರಲ್ಲಿ ಯಾರಾದ್ರೂ ಯಾರನ್ನಾದ್ರೂ ಏನಾದ್ರೂ ಕೇಳಿದ್ದುಂಟಾ? 'ಇವತ್ತು ಗಾಳಿ ಜೋರು' ಅಂತೀವಿ, ಮುಗೀತು."

"ಪ್ರಶ್ನೆ ಕೇಳಿಸ್ಕೊಳ್ಳೋಕೆ ಅಷ್ಟು ಆಸೆನಾ ನಿಮಗೆ?" ಎಂದು ನಗೆಯಾಡಿದೆ.

ಅವರು ನಗಲಿಲ್ಲ. "ನನ್ನನ್ನ ಯಾರೂ ಕೇಳ್ಲಿಲ್ಲ ವಾಟಿ," ಎಂದರು. ಆಮೇಲೆ ಹೇಳಿದರು. ಜನವರಿಯ ಒಂದು ಶನಿವಾರ. ನಾಲ್ಕಕ್ಕೇ ಕತ್ತಲು. ಆಲಿಕ್ ಕುಡಿದು ಬಂದಿದ್ದ. ಆವತ್ತು ಬೆಳಗ್ಗೆ ಕೈ ಮಾಡಿದ್ದನಾದ್ದರಿಂದ ಇವರು ಒಳಗಿನಿಂದ ಬೀಗ ಹಾಕಿ ಕೂತಿದ್ದರು. ಅವನು ಮದುವೆಯ ಉಂಗುರದಿಂದ ಕಿಟಕಿಯ ಗಾಜಿಗೆ ಮೂರು ಸಲ ತಟ್ಟಿದ. ಇವರು ತೆಗೆಯಲಿಲ್ಲ. ಮರುದಿನ ಬೆಳಗ್ಗೆ ಬಂದರಿನ ನೀರಿನಲ್ಲಿ ಹೆಣವಾಗಿ ಸಿಕ್ಕ. ಕಾಲು ಜಾರಿರಬೇಕು ಎಂದಿತು ಊರು. "ಆವತ್ತು ತೆಗೆದಿದ್ರೆ ಬದುಕ್ತಿದ್ನೇನೋ. ಇಲ್ಲಾ, ನಾನು ಸಾಯ್ತಿದ್ನೇನೋ. ಈ ಪುಸ್ತಕಗಳಲ್ಲಿ ಕೊನೆಗೆ ಯಾರಾದ್ರೂ ಕೂತು, ಯಾಕೆ ಹೀಗಾಯ್ತು ಅಂತ ಬಿಡಿಸಿ ಹೇಳ್ತಾರೆ ನೋಡು, ಅದಕ್ಕೇ ಓದೋದು ನಾನು."

ಅವರು ಇದನ್ನು ಇನ್ಯಾರಿಗೂ ಹೇಳಿರಲಿಲ್ಲ. ನಾನು ಯಾರಿಗೂ ಹೇಳುವುದಿಲ್ಲ ಎಂದೆ. ಹಾಗೆ ಹೇಳುವಾಗ ನಿಜವನ್ನೇ ಹೇಳಿದ್ದೆ.

ಮರುವರ್ಷ ಮೇ ತಿಂಗಳಲ್ಲಿ ಎಡಿನ್‌ಬರೊದಿಂದ ಒಬ್ಬ ಕಾದಂಬರಿಗಾರ್ತಿ ನಮ್ಮ ಲೈಬ್ರರಿಗೆ ಬಂದರು. ಐವತ್ತು ಕುರ್ಚಿ ಹಾಕಿದ್ದೆ, ಎಂಬತ್ತು ಜನ ಸೇರಿದರು. ಮೈ ಸರಿಯಿಲ್ಲವೆಂದು ಎಲ್ಸ್‌ಪೆಟ್ ಬಂದಿರಲಿಲ್ಲ. ಕಾರ್ಯಕ್ರಮ ಮುಗಿದು, ಜನ ಕರಗಿ, ಆಕೆ ಮತ್ತು ನಾನು ಚಹಾ ಕುಡಿಯುತ್ತ ಕುಳಿತೆವು. "ಇಂಥಾ ಊರಲ್ಲಿ ಗುಟ್ಟುಗಳಿಗೇನು ಬರ ಇರಲ್ಲ ಅಲ್ವಾ?" ಎಂದರು ಆಕೆ. ಮೂವತ್ತು ವರ್ಷ ಬೇರೆಯವರ ಪುಸ್ತಕಕ್ಕೆ ಮುದ್ರೆ ಒತ್ತಿದವನನ್ನು ಒಬ್ಬ ಲೇಖಕಿ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಏನಾಗಬೇಕೋ ಅದೇ ಆಯಿತು. ನಾಲಿಗೆಗೆ ಎಲುಬಿಲ್ಲ. ಬೀಗ, ಉಂಗುರ, ಗಾಜು, ಮೂರು ಸಲ, ಎಲ್ಲವನ್ನೂ ಹೇಳಿದೆ. ಆಕೆ ಚಹಾ ಆರಲು ಬಿಟ್ಟು ಕೇಳಿದರು. ಅದು ನನಗೆಷ್ಟು ಹಿತವಾಗಿತ್ತೆಂದು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಹೆಸರು ಹೇಳಲಿಲ್ಲ, ಅಷ್ಟು ಎಚ್ಚರ ಇತ್ತು ಎಂದುಕೊಂಡಿದ್ದೆ. ಆದರೆ ನಮ್ಮೂರಿನಲ್ಲಿ ಕಲ್ಲೆಸೆದರೆ ಯಾವನಾದರೊಬ್ಬ ಸ್ಲೇಟರನಿಗೇ ಬೀಳುತ್ತದೆ. ಆ ಹೆಸರಿನಿಂದ ಯಾರನ್ನೂ ಗುರುತಿಸಲಾಗದು. ಅದಕ್ಕೇ ಮನೆಮನೆಗೂ ಒಂದು ಅಡ್ಡಹೆಸರು. ಬಾಯಲ್ಲಿ ಬರುವುದು ಅದೇ, ಅಂಚೆಯವನು ಬರೆದುಕೊಳ್ಳುವುದೂ ಅದೇ. ಆಲಿಕ್‌ನ ಮನೆಯವರು 'ಡೂಕರ್', ಅಂದರೆ ನೀರಲ್ಲಿ ಮುಳುಗಿ ಮೀನು ಹಿಡಿಯುವ ಹಕ್ಕಿ. "ಡೂಕರ್ ಹೆಂಡತಿ ಬಾಗಿಲು ತೆಗೀಲಿಲ್ಲ," ಎಂದಿದ್ದೆ ನಾನು, ಯಾವ ಯೋಚನೆಯೂ ಇಲ್ಲದೆ. ಆ ಮಾತು ಆಕೆಗೆ ಚೆಂದ ಕಂಡಿರಬೇಕು.

ಮರುವರ್ಷ ಆಗಸ್ಟಿನಲ್ಲಿ ಪುಸ್ತಕ ಬಂತು. ಊರಿಗೆ ಹಬ್ಬ. ಬೇಕರಿಯ ಹೆಂಗಸು ಅದನ್ನು ಗಾಜಿನ ಕಿಟಕಿಯಲ್ಲಿ ಪೈಗಳ ನಡುವೆ ನಿಲ್ಲಿಸಿದಳು. "ಎಂಬತ್ತನೇ ಪುಟದಲ್ಲಿ ನಮ್ಮಂಗಡಿ ಇದೆ ಕಣ್ರೀ! ಇನ್ಸ್‌ಪೆಕ್ಟರು ನಮ್ಮಲ್ಲೇ ಮಾಂಸದ ಪೈ ತಿಂದು ಹೊಟ್ಟೆ ಕೆಡಿಸ್ಕೊಳ್ತಾನೆ!" ಎಂದು ಬಂದವರಿಗೆಲ್ಲ ತೋರಿಸಿದಳು. ನಮ್ಮದೇ ಬಂದರು, ನಮ್ಮದೇ ಮಳೆ, ಅದರಲ್ಲೊಂದು ಹೆಣ. ಪಕ್ಕದೂರಿನವರು ಹೊಟ್ಟೆ ಉರಿದುಕೊಂಡರು.

ನಾನು ಒಂದೇ ದಿನದಲ್ಲಿ ಓದಿ ಮುಗಿಸಿದೆ. ಅದರಲ್ಲಿ ಸತ್ತವನ ಹೆಂಡತಿಯ ಹೆಸರು ಡೂಕರ್. ಮೀನಿನ ಶೆಡ್ಡಿನ ಕೆಲಸ. ಉಂಗುರ ಗಾಜಿಗೆ ಮೂರು ಸಲ ತಟ್ಟುತ್ತದೆ. ಕೊನೆಯ ಅಧ್ಯಾಯದಲ್ಲಿ ಅವಳು ಬಾಗಿಲು ತೆಗೆದು, ಹಿಂದೆಯೇ ಹೋಗಿ, ಅವನನ್ನು ನೀರಿಗೆ ನೂಕಿದ್ದಳೆಂದು ತಿಳಿಯುತ್ತದೆ.

ಬೇಕರಿಯ ಸಾಲಿನಲ್ಲಿ ಎಲ್ಸ್‌ಪೆಟ್ ನಿಂತರೆ ಮುಂದಿನವರು ಮಾತು ನಿಲ್ಲಿಸುವುದನ್ನು ಕಂಡೆ. ಯಾರೂ ಅವರನ್ನು ಏನೂ ಕೇಳಲಿಲ್ಲ. ಗಾಳಿ ಜೋರು ಎಂದರು.

ನಮ್ಮಲ್ಲಿದ್ದ ಎರಡೂ ಪ್ರತಿಗಳನ್ನು ನನ್ನ ಡ್ರಾಯರಿನಲ್ಲಿ, ಆ ರಬ್ಬರಿನ ಪಕ್ಕ ಇಟ್ಟುಕೊಂಡೆ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ. ಸೆಪ್ಟೆಂಬರಿನ ಒಂದು ಮಂಗಳವಾರ ಅವರು ಕೇಳಿದರು:

"ನಮ್ಮೂರಿನ ಪುಸ್ತಕ ಬಂತಾ ವಾಟಿ?"

"ಹೊರಗಿದೆ. ಪಟ್ಟಿ ತುಂಬ ಉದ್ದ ಇದೆ."

"ಆಯ್ತು, ಬಿಡು," ಎಂದು ಮಿಠಾಯಿ ಡಬ್ಬಿ ನನ್ನ ಮುಂದಿಟ್ಟರು. ಮರುವಾರವೂ ಕೇಳಿದರು. ಅದರ ಮರುವಾರವೂ. ಪ್ರತಿ ಸಲ ಅದೇ ಪ್ರಶ್ನೆ, ಅದೇ ಸುಳ್ಳು, ಅದೇ ಡಬ್ಬಿ. ನಾನು ಮಿಠಾಯಿ ತಿಂದೆ. ತಿನ್ನದಿದ್ದರೆ ಅನುಮಾನ ಬರುತ್ತದಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನಂತೆ, ಅವರು ಬಾಯಿ ತೆರೆಯುವ ಮೊದಲೇ ಒಂದು ವಾರ "ಇನ್ನೂ ಬಂದಿಲ್ಲ" ಎಂದುಬಿಟ್ಟೆ. ಅವರು ನನ್ನನ್ನು ನೋಡಿ, ಚೀಲ ಎಳೆದುಕೊಂಡು ಹೋದರು.

ನವೆಂಬರಿನಲ್ಲಿ, ನಮ್ಮಲ್ಲಿ ಬೇಡಿಕೆ ಹೆಚ್ಚೆಂದು, ಬಸ್ಸಿನಲ್ಲಿ ಒಂದು ಗಂಟೆ ದೂರದ ದೊಡ್ಡ ಲೈಬ್ರರಿಯವರು ತಮ್ಮ ಪ್ರತಿಯೊಂದನ್ನು ಕಳಿಸಿದರು. ಅದನ್ನೂ ಡ್ರಾಯರಿಗೆ ಹಾಕುವ ಮುಂಚೆ ಅಭ್ಯಾಸಬಲದಿಂದ ಇಪ್ಪತ್ತೇಳನೇ ಪುಟ ತೆರೆದೆ.

ಅಲ್ಲಿ ಮೀನು ಇತ್ತು.

ಮರುದಿನವೇ ಮಂಗಳವಾರ. ಎಲ್ಸ್‌ಪೆಟ್ ಬಂದು ನಾಲ್ಕು ಪುಸ್ತಕ ಮೇಜಿನ ಮೇಲಿಟ್ಟರು. "ನಮ್ಮೂರಿನ ಪುಸ್ತಕ ಬಂತಾ ವಾಟಿ?"

ನಾನು ಡ್ರಾಯರಿನಿಂದ ಮೂರೂ ಪ್ರತಿ ತೆಗೆದು ಮೇಜಿನ ಮೇಲಿಟ್ಟೆ. ಮೀನಿದ್ದ ಪುಟ ತೆರೆದು ತೋರಿಸಿದೆ. "ಇದನ್ನ ಯಾವಾಗ ಓದಿದ್ರಿ?"

"ನಿನ್ನನ್ನ ಮೊದಲ್ನೇ ಸಲ ಕೇಳೋಕೆ ಮುಂಚೆನೇ, ಆ ದೊಡ್ಡ ಲೈಬ್ರರಿಗೆ ಬಸ್ಸಲ್ಲಿ ಹೋಗಿ."

"ಹೇಳಿದ್ದು ನಾನೇ," ಎಂದೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ಆದ್ರೆ ನಿಮ್ಮ ಹೆಸರು ಹೇಳಿರ್ಲಿಲ್ಲ, ದೇವರಾಣೆಗೂ."

"ಹೆಸರು ಹೇಳಿದ್ರೆ ಎಷ್ಟೋ ವಾಸಿ ಇತ್ತು. ಈ ಊರಲ್ಲಿ ಎಲ್ಸ್‌ಪೆಟ್ ಸ್ಲೇಟರ್ ಅಂತ ನಾಕು ಜನ ಇದೀವಿ. ಡೂಕರ್ ಅಂತ ಉಳಿದಿರೋದು ನಾನೊಬ್ಬಳೇ."

"ತಪ್ಪಾಯ್ತು."

"ಹೇಳಿದ್ದಕ್ಕಲ್ಲ ಕಣೋ ನನಗೆ ಬೇಜಾರು. ಬಾಯಿಗೆ ಬಂತು, ಹೋಯ್ತು. ನಾನೂ ನಿನ್ನ ಹತ್ರ ಹಾಗೇ ಹೇಳಿದ್ದಲ್ವಾ." ಅವರು ಹಿಂದಿನ ವಾರದ ಖಾಲಿ ಡಬ್ಬಿಯನ್ನು ನನ್ನ ಮೇಜಿನಿಂದ ಎತ್ತಿಕೊಂಡು ಮುಚ್ಚಳ ಒತ್ತಿದರು. "ಎಂಟು ಮಂಗಳವಾರ ಬಂದು ತಟ್ಟಿದೆ. ಒಳಗೇ ಇದ್ದೆ ನೀನು. ತೆಗೀಲಿಲ್ಲ."

ಆವತ್ತು ಅವರು ಪುಸ್ತಕ ಒಯ್ಯಲಿಲ್ಲ. ಈಗ ಮಂಗಳವಾರ ಹತ್ತೂವರೆಗೆ ಲೈಬ್ರರಿಯ ಎದುರಿನ ನಿಲ್ದಾಣದಲ್ಲಿ ಆ ದೊಡ್ಡ ಲೈಬ್ರರಿಯ ಊರಿಗೆ ಹೋಗುವ ಬಸ್ಸಿಗೆ ಕಾಯುತ್ತಾರೆ, ಚಕ್ರದ ಚೀಲ ಕಾಲ ಬಳಿ ನಿಲ್ಲಿಸಿಕೊಂಡು. ಮಳೆ ಬಂದರೂ ಅಲ್ಲೇ ನಿಲ್ಲುತ್ತಾರೆ. ನಾನು ಎದ್ದು ಹೋಗಿ ಲೈಬ್ರರಿಯ ಬಾಗಿಲನ್ನು ಪೂರ್ತಿ ತೆರೆದಿಡುತ್ತೇನೆ. ಬಸ್ಸು ಬರುತ್ತದೆ, ಅವರು ಹತ್ತಿ ಹೋಗುತ್ತಾರೆ.