ಕೌದಿಗೆ ಉಣ್ಣಿಸಿದ ನರಿ

ಸಂಗೊಳ್ಳಿಯ ಕೆಂಪವ್ವ ನಲವತ್ತು ವರ್ಷಗಳಿಂದ ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆ, ಧೋತರ ಯಾರು ತಂದುಕೊಟ್ಟರೂ ಒಲ್ಲೆ ಎನ್ನುವುದಿಲ್ಲ. ಮೂಲೆಯ ಕೊನೆಯ ತೇಪೆ ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ ಇಡುತ್ತಾಳೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ. ಶಾಲೆಯ ಮೆಟ್ಟಿಲು ಮಾತ್ರ ಅವಳು ಹತ್ತಿದವಳಲ್ಲ.

ಮಗಳು ಅನ್ನಪೂರ್ಣಾ ಬೈಲಹೊಂಗಲದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾಳೆ. ಅವಳು ನಾಲ್ಕು ವರ್ಷದವಳಿದ್ದಾಗ ಅಪ್ಪ ಸಂತೆಯಿಂದ ಒಂದು ಚಿತ್ರದ ಪುಸ್ತಕ ತಂದಿದ್ದ. ಅದರ ಚಿತ್ರಗಳಲ್ಲಿ ನರಿಯೊಂದು ಮನೆಮನೆಗೆ ಹೋಗುತ್ತದೆ. ಬಾಗಿಲಲ್ಲಿ ಹೆಂಗಸರು ಕೈ ಎತ್ತಿ ನಿಂತಿದ್ದಾರೆ. ಕೊನೆಯ ಪುಟದಲ್ಲಿ ನರಿ ಹೊದಿಕೆಯ ಮೂಲೆಗೆ ರೊಟ್ಟಿ ತುರುಕಿ ಕಣ್ಣು ಮುಚ್ಚಿದೆ.

ಕೆಂಪವ್ವ ಚಿತ್ರ ನೋಡಿಯೇ ಕತೆ ಹೇಳುತ್ತಿದ್ದಳು. ಓಣಿಯ ಹೆಂಗಸರೆಲ್ಲ ಕೈ ಮಾಡಿ ನರಿಯನ್ನು ಊಟಕ್ಕೆ ಕರೆಯುವರು. ಉಂಡು ಬಂದ ನರಿ, ಕಟ್ಟಿಸಿಕೊಂಡು ತಂದ ರೊಟ್ಟಿಯನ್ನು ತನ್ನ ಕೌದಿಗೆ ಉಣ್ಣಿಸಿ ಮಲಗುವುದು. ಅಷ್ಟು ಕೇಳದೆ ಅನ್ನಪೂರ್ಣಾ ಮಲಗುತ್ತಿರಲಿಲ್ಲ.

ಎರಡನೆಯ ಇಯತ್ತೆಯಲ್ಲಿ ಅವಳೇ ಅದನ್ನು ಓದಿದಳು. ಅದು ಕಳ್ಳ ನರಿ! ಹೆಂಗಸರು ಕೈ ಎತ್ತಿದ್ದು ಕರೆಯಲು ಅಲ್ಲ, ಹೊಡೆಯಲು. ಕೌದಿ ಹೊಲಿಯಲು ಕೂಡಿದ್ದ ನೆರೆಹೊರೆಯವರ ಎದುರಿಗೇ ಅವಳು ಕೂಗಿದಳು: "ಬರೇ ಸುಳ್ಳ ಹೇಳಿದಿ ನೀ! ನಿನಗ ಓದಾಕ ಬರೂದಿಲ್ಲ!"

ಎಲ್ಲರೂ ನಕ್ಕರು. ಕೆಂಪವ್ವನೂ ನಕ್ಕಳು. ಆದರೆ ಮತ್ತೆಂದೂ ಆ ಪುಸ್ತಕ ಮುಟ್ಟಲಿಲ್ಲ.

ವಯಸ್ಸಾದಂತೆ ಅನ್ನಪೂರ್ಣಾಗೆ ಅವ್ವನ ಆ ನಗು ಚುಚ್ಚತೊಡಗಿತು. ಅವ್ವನ ಬಾಯಿಂದ ಆ ಕತೆ ಇನ್ನೊಮ್ಮೆ ಕೇಳಬೇಕೆನಿಸಿದರೂ ಬಾಯಿ ಬಿಟ್ಟು ಕೇಳುವ ಧೈರ್ಯವಾಗಲಿಲ್ಲ.

ಈ ಸಲ ರಜೆಗೆ ತವರಿಗೆ ಬಂದಾಗ ಅವಳ ಐದು ವರ್ಷದ ಮಗಳು ಮಧು ಟ್ರಂಕಿನಿಂದ ಪುಸ್ತಕ ಹುಡುಕಿ ತೆಗೆದಳು. ಕೆಂಪವ್ವ ಪಡಸಾಲೆಯಲ್ಲಿ ಮೊಮ್ಮಗಳ ಕೌದಿಯ ಕೊನೆಯ ಮೂಲೆ ಹೊಲಿಯುತ್ತಿದ್ದಳು.

"ಆಯಿ, ಕತಿ ಹೇಳ."

"ನಿಮ್ಮವ್ವ ಶಾಣ್ಯಾಕಿ ಅದಾಳ. ಆಕೀನ ಓದ್ಲಿ."

ಅನ್ನಪೂರ್ಣಾ ಓದಿದಳು. ಕೊನೆಯ ಪುಟದಲ್ಲಿ ಮಧು ಬೆರಳಿಟ್ಟಳು. "ಕಳ್ಳ ಇದ್ರ ರೊಟ್ಟಿ ತಿನ್ನಬೇಕಿಲ್ಲ? ಕೌದ್ಯಾಗ ಯಾಕ ಇಟ್ಟೈತಿ?"

ಅನ್ನಪೂರ್ಣಾ ಸಾಲು ಮತ್ತೊಮ್ಮೆ ನೋಡಿದಳು. "ಕಳ್ಳ ನರಿ ಮಲಗಿತು" ಎಂದಷ್ಟೇ ಇತ್ತು. ರೊಟ್ಟಿಯ ಮಾತೇ ಇರಲಿಲ್ಲ.

"ನನಗ ಗೊತ್ತಿಲ್ಲ. ಆಯೀನ ಕೇಳು."

ಕೆಂಪವ್ವ ತಲೆ ಎತ್ತಲಿಲ್ಲ. "ನನಗೆಲ್ಲಿ ಓದಾಕ ಬರತೈತಿ?"

ಮೂವತ್ತು ವರ್ಷದ ಹಿಂದಿನ ಮಾತು ಅಲ್ಲಿಯೇ ಇತ್ತು, ಸ್ವಲ್ಪವೂ ಸವೆದಿರಲಿಲ್ಲ. ಅನ್ನಪೂರ್ಣಾ ಪುಸ್ತಕವನ್ನು ಕೌದಿಯ ಮೇಲೆ ತೆರೆದಿಟ್ಟಳು.

"ಯವ್ವಾ, ಅವತ್ತ ನಾ ಅಂದದ್ದು ತಪ್ಪಾತು. ಬರದದ್ದು ಅಷ್ಟ ಓದಿದೆ, ಚಿತ್ರ ನೋಡ್ಲಿಲ್ಲ. ನೀನ ಹೇಳು."

ಕೆಂಪವ್ವ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿದಳು. ಚಷ್ಮಾ ಸರಿಮಾಡಿಕೊಂಡು ಮೊದಲ ಪುಟಕ್ಕೆ ಹೋದಳು. ಒಂದು ಮನೆಯನ್ನೂ ಬಿಡದೆ, ಎಲ್ಲ ಮನೆಗಳಲ್ಲೂ ನರಿಗೆ ಊಟ ಹಾಕಿಸಿದಳು.

"ಆಯಿ, ಇಲ್ಲಿ ಕಳ್ಳ ಅಂತ ಬರದೈತಲ್ಲಾ?" ಮಧು ಬಿಡಲಿಲ್ಲ.

"ಬರದಾಂವಗ ಕೌದಿ ಹೊಲ್ಯಾಕ ಬರತಿದ್ದಿಲ್ಲ, ತಗೋ."

ಅನ್ನಪೂರ್ಣಾ ನಕ್ಕಳು, ನಗುತ್ತಲೇ ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಲ್ಲ ಕಿಸ್ಕೊಂತ ಕುಂದರಬ್ಯಾಡ, ಮಾಸ್ತರಿಣಿ," ಎಂದಳು ಕೆಂಪವ್ವ. "ಬುಟ್ಟ್ಯಾಗ ರೊಟ್ಟಿ ಅದಾವು, ಒಂದು ಚೂರ ತಾ. ಈ ಮೂಲಿ ಇನ್ನೂ ಉಂಡಿಲ್ಲ."