ಇಪ್ಪತ್ತನಾಲ್ಕು ಗಾಲಿಗಳ ಸಡಿಲು

ಅಪ್ಪ ಮಾಡಿದ ಆಟಿಕೆ ರೈಲಿನ ಡಬ್ಬಿಗಳು ಮೊದಲ ದಿನ ಇಪ್ಪತ್ತು ಸುತ್ತಿನಲ್ಲಿ ಹದಿನಾಲ್ಕು ಸಲ ಹಳಿ ಬಿಟ್ಟು ಬಿದ್ದವು. ಅದು ಆಗಸ್ಟ್ 17, ಭಾನುವಾರ. ಹದಿನಾಲ್ಕೂ ಸಲ ಬಿದ್ದದ್ದು ತಿರುವಿನಲ್ಲಿ. ನೇರ ಹಳಿಯ ಮೇಲೆ ಒಮ್ಮೆಯೂ ಇಲ್ಲ. ಹದಿನೈದನೆಯ ಸಲ ಬೀಳುವ ಮೊದಲು ಅಪ್ಪ ತಾನೇ ಗುಂಡಿ ಒತ್ತಿ ಎಂಜಿನ್ ನಿಲ್ಲಿಸಿದ. ಆಮೇಲೆ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತ ಕುಳಿತ. ಬೇರೆ ಯಾರದೋ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಂತಿತ್ತು.

"ಎಷ್ಟು ಬಿದ್ವು, ತಲಾಠಿ?" ಅಂದ. ತಲಾಠಿ ಅಂದರೆ ಊರಿನ ಲೆಕ್ಕ ಬರೆಯುವವ; ಎಲ್ಲವನ್ನೂ ಬರೆದಿಡುವ ನನ್ನ ಚಟಕ್ಕೆ ಅವನು ಇಟ್ಟ ಹೆಸರು ಅದು. ನಾನು ಗ್ರಾಮ ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು. ಹತ್ತನೆಯ ತರಗತಿಯಿಂದ ಒಂದು ದಿನವೂ ಬಿಡದೆ ಡೈರಿ ಬರೆದಿದ್ದೇನೆ.

"ಹದಿನಾಲ್ಕು."

"ಬರ್ಕೊ. ಹದಿನಾಲ್ಕೂ ಈ ಕೈ ಕೆಡವಿದ್ದು ಅಂತ ಬರ್ಕೊ."

ಅಪ್ಪ ಗೊಬ್ಬೂರಿನಲ್ಲಿ ಎತ್ತಿನ ಗಾಡಿ ಮಾಡುವ ಬಡಿಗ. ಟ್ರ್ಯಾಕ್ಟರುಗಳು ಬಂದ ಮೇಲೆ ಗಾಡಿಯ ಕೆಲಸ ನಿಂತಿತು. ಬಾಗಿಲ ಚೌಕಟ್ಟು, ತೊಟ್ಟಿಲು, ಮಂಚ ಅಂತ ಕೆಲ ವರ್ಷ ನಡೆಯಿತು. ಕಳೆದ ವರ್ಷ ಯುಗಾದಿಯ ಮರುದಿನ ಲಕ್ವಾ ಹೊಡೆದು ಬಲಗೈ ಸೋತಿತು. ಮಾತು ಒಂದು ವಾರದಲ್ಲಿ ಮರಳಿ ಬಂತು, ಕಾಲು ಎರಡು ತಿಂಗಳಲ್ಲಿ. ಕೈ ಬರಲಿಲ್ಲ. ಆಳಂದದಲ್ಲಿ ವ್ಯಾಯಾಮ ಮಾಡಿಸುವ ಡಾಕ್ಟರು, "ಇವರಿಗೆ ಗೊತ್ತಿರೋ ಕೆಲಸನೇ ಸಣ್ಣದಾಗಿ ಕೊಡ್ರಿ. ಕೈ ಬರ್ತದ ಅಂತ ಅವರಿಗೆ ಅನ್ನಿಸಬೇಕು, ಆಮ್ಯಾಲ ಕೈ ಬರ್ತದ" ಅಂದಿದ್ದರು. ಈ ಮಾತನ್ನೂ ಅಂದೇ ಬರೆದುಕೊಂಡಿದ್ದೆ.

ಅದಕ್ಕೇ ನಾನು ಆ ರೈಲಿನ ಪೆಟ್ಟಿಗೆ ತರಿಸಿದ್ದು. ಅದರಲ್ಲಿ ಬ್ಯಾಟರಿಯ ಎಂಜಿನ್ ಒಂದು, ಪ್ಲಾಸ್ಟಿಕ್ಕಿನ ಡಬ್ಬಿ ಒಂದು, ಬಾಗಿದ ಹಳಿಯ ತುಂಡು ಹನ್ನೆರಡು, ನೇರ ತುಂಡು ಎಂಟು. ಎರಡು ಹಳಿಗಳ ನಡುವೆ ಮೂರು ಬೆರಳಿನಷ್ಟು ಅಗಲ. ಅಪ್ಪ ಪೆಟ್ಟಿಗೆಯೊಳಗೆ ಇಣುಕಿ, "ಒಂದ ಡಬ್ಬಿ ಎಳದ್ರ ಅದು ರೈಲಲ್ಲ, ಕತ್ತೆ" ಅಂದ. ತಗಡಿನ ಶೆಡ್ಡಿನಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಚರಕಿಯನ್ನು, ಅಂದರೆ ತೊಟ್ಟಿಲ ಕಾಲು ದುಂಡಗೆ ಮಾಡುವ ಯಂತ್ರವನ್ನು, ಮತ್ತೆ ತೆರೆದ. ಉಳಿಯನ್ನು ಬಲಗೈಯಲ್ಲಿ ಹಿಡಿದು, ಎಡಗೈಯಿಂದ ಬಲಗೈಯನ್ನು ಹಿಡಿದು ಕೆಲಸ ಮಾಡಿದ. ಒಂದೊಂದು ಡಬ್ಬಿಗೆ ಒಂಬತ್ತು, ಹತ್ತು ದಿನ ಹಿಡಿಯಿತು. ಮೈ ಬೇವಿನ ಮರದ್ದು, ಗಾಲಿ ಮತ್ತು ಅಚ್ಚು ಜಾಲಿಯವು. ಆರು ಡಬ್ಬಿ, ಇಪ್ಪತ್ತನಾಲ್ಕು ಗಾಲಿ. ಆ ಎರಡು ತಿಂಗಳು ಅವನು ಬೆಳಿಗ್ಗೆ ಯಾರೂ ಹೇಳದೆ ಶೆಡ್ಡಿಗೆ ಹೋಗುತ್ತಿದ್ದ. ಅವ್ವ ಅವನ ಚಾವನ್ನು ಅಲ್ಲಿಗೇ ಒಯ್ಯುತ್ತಿದ್ದಳು.

ಪ್ಲಾಸ್ಟಿಕ್ಕಿನ ಡಬ್ಬಿ ಬೀಳುತ್ತಿರಲಿಲ್ಲ. ಅವನದು ಬೀಳುತ್ತಿತ್ತು. ಅವನಿಗೆ ಇಷ್ಟೇ ಸಾಕಾಗಿತ್ತು.

ನನಗೆ ಸಾಕಾಗಲಿಲ್ಲ. ಮರುದಿನದಿಂದ ಪಂಚಾಯಿತಿ ಕೆಲಸ ಮುಗಿದ ಮೇಲೆ ಶೆಡ್ಡಿಗೆ ಹೋಗಿ ಕಾರಣ ಹುಡುಕತೊಡಗಿದೆ. ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು, ಇಪ್ಪತ್ತು ಸುತ್ತು ಓಡಿಸುವುದು, ಬಿದ್ದದ್ದನ್ನು ಎಣಿಸುವುದು. ಮೊದಲು ಹಳಿಯ ಕೀಲುಗಳನ್ನು ಬಿಗಿದು, ಕೆಳಗೆ ಹಲಗೆ ಹಾಸಿ ಸಪಾಟು ಮಾಡಿದೆ: ಹದಿಮೂರು. ಎಂಜಿನ್ನನ್ನು ನಿಧಾನ ಓಡಿಸಿದೆ: ಹನ್ನೆರಡು. ಡಬ್ಬಿಗಳು ಹಗುರವಾಗಿ ಒಳಗಡೆಗೆ ಜಗ್ಗಿಕೊಳ್ಳುತ್ತಿರಬಹುದು ಅಂದುಕೊಂಡು, ಹಳೆಯ ಗಾಡಿ ಗಾಲಿಯ ಕಬ್ಬಿಣದ ಪಟ್ಟಿಯ ಚೂರುಗಳನ್ನು ಪ್ರತಿ ಡಬ್ಬಿಯ ತಳಕ್ಕೆ ಕಟ್ಟಿದೆ: ಹನ್ನೊಂದು. ಡಬ್ಬಿಗಳನ್ನು ಜೋಡಿಸುವ ಕೊಂಡಿ ಬಿಗಿಯಾಗಿ ತಿರುವಿನಲ್ಲಿ ತಳ್ಳುತ್ತಿದೆಯೇನೋ ಎಂದು ಅದನ್ನು ಉದ್ದ ಮಾಡಿದೆ: ಒಂಬತ್ತು. ಪ್ರತಿಯೊಂದರಿಂದಲೂ ಸ್ವಲ್ಪ ಕಡಿಮೆಯಾಗುತ್ತಿತ್ತು, ಯಾವುದರಿಂದಲೂ ನಿಲ್ಲುತ್ತಿರಲಿಲ್ಲ.

ಡೈರಿಯಲ್ಲಿ ನನ್ನನ್ನು ಕಾಡಿದ್ದು ಇನ್ನೊಂದು ಪಟ್ಟಿ. ಮೊದಲ ದಿನ ಯಾವ ಡಬ್ಬಿ ಎಷ್ಟು ಸಲ ಬಿತ್ತು ಎಂದು ಬರೆದಿದ್ದೆ: ಎರಡು, ಮೂರು, ಎರಡು, ಎರಡು, ಮೂರು, ಎರಡು. ನಡುಗುವ ಕೈ ಮಾಡಿದ ಡಬ್ಬಿಗಳಾದರೆ ಒಂದು ಒಳ್ಳೆಯದು, ಒಂದು ಕೆಟ್ಟದ್ದು ಇರಬೇಕು. ಇಲ್ಲಿ ಆರೂ ಒಂದೇ ತೆರನಾಗಿ ಬೀಳುತ್ತಿದ್ದವು.

ಆಗಸ್ಟ್ 29ರಂದು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಹಳಿಯ ಮಟ್ಟಕ್ಕೆ ಕಣ್ಣಿಟ್ಟು ನೋಡಿದೆ. ಆಗ ಕಂಡಿತು. ತಿರುವಿನಲ್ಲಿ ಹೊರಗಿನ ಗಾಲಿ ಹೊರಗಿನ ಹಳಿಗೆ ಆತುಕೊಂಡು ನಿಲ್ಲುತ್ತಿತ್ತು. ಡಬ್ಬಿಯ ಮೈ ಮಾತ್ರ ನಿಲ್ಲದೆ ಇನ್ನೂ ಹೊರಗೆ ಸರಿಯುತ್ತಿತ್ತು, ಯಾಕೆಂದರೆ ಗಾಲಿ ಅಚ್ಚಿನ ಮೇಲೆ ಆಚೀಚೆ ಜಾರುವಷ್ಟು ಸಡಿಲವಿತ್ತು. ಮೈಯ ಜೊತೆಗೆ ಒಳಗಿನ ಗಾಲಿಯೂ ಸರಿದು, ಹಳಿಯಿಂದ ಜಾರಿ, ಎರಡು ಹಳಿಗಳ ನಡುವೆ ಬೀಳುತ್ತಿತ್ತು. ಒಂಬತ್ತಕ್ಕೆ ಒಂಬತ್ತು ಸಲ ಒಳಗಿನ ಗಾಲಿಯೇ.

ಸಡಿಲು ಎಷ್ಟಿದೆ ಎಂದು ಅಳೆಯಲು ಮನೆಯಲ್ಲಿ ಬಿದ್ದಿದ್ದ ಲಗ್ನಪತ್ರಿಕೆಗಳನ್ನು ಒಂದೇ ಅಳತೆಗೆ ಕತ್ತರಿಸಿ ಗಾಲಿಯ ಸಂದಿನಲ್ಲಿ ತುರುಕಿದೆ. ಎಂಟು ತುಂಡು ಹೋದವು, ಒಂಬತ್ತನೆಯದು ಹೋಗಲಿಲ್ಲ. ಎರಡನೆಯ ಗಾಲಿಗೂ ಎಂಟು. ಮೂರನೆಯದಕ್ಕೂ. ಎಲ್ಲ ಮುಗಿಸಿದಾಗ ಇಪ್ಪತ್ತಮೂರು ಗಾಲಿಗೆ ಎಂಟು, ಒಂದಕ್ಕೆ ಮಾತ್ರ ಒಂಬತ್ತು. ಅಪ್ಪ ಸ್ಕೇಲು ಹಿಡಿದದ್ದನ್ನು ನಾನು ನೋಡಿರಲಿಲ್ಲ. ಕಣ್ಣಳತೆಯಲ್ಲಿಯೇ ತೂತು ಕೊರೆದು ಕಡಾಣಿ ಹಾಕಿದ್ದ. ಕಡಾಣಿ ಅಂದರೆ ಗಾಲಿ ಅಚ್ಚಿನಿಂದ ಕಳಚದಂತೆ ತುದಿಗೆ ಹಾಕುವ ಮೊಳೆ.

ಮರುದಿನ ಊಟಕ್ಕೆ ಕುಳಿತಾಗ ಸುಮ್ಮನೆ ಕೇಳುವಂತೆ ಕೇಳಿದೆ. "ಅಪ್ಪ, ಗಾಲಿಗಿ ಅಷ್ಟು ಸಡಿಲ ಯಾಕ ಬಿಡ್ತಾರ?"

"ನಾ ಕೆಲಸ ಕಲ್ತಿದ್ದು ಜೇವರ್ಗಿ ಕಡಿ, ಎರಿ ಭೂಮ್ಯಾಗ," ಅಂದ. ಬಹಳ ದಿನಗಳ ಮೇಲೆ ಅವನ ದನಿ ಏರಿತ್ತು. "ಅಲ್ಲಿ ಮಳಿ ಬಿದ್ರ ಮಣ್ಣು ಗಾಲಿಗಿ ಹಿಟ್ಟು ಹತ್ತಿದಂಗ ಹತ್ತತದ. ಬಿಗಿ ಕೂಡ್ಸಿದ ಗಾಲಿ ಅಲ್ಲೇ ಕಟ್ಟಿ ನಿಲ್ತದ. ಸಡಿಲ ಬಿಟ್ಟದ್ದು ಅಳ್ಳಾಡಿ ಮಣ್ಣು ಉದುರಿಸ್ಕೊಂಡು ಹೋಗ್ತದ. ನನ್ನ ಉಸ್ತಾದ ಒಂದು ಗಾಲಿ ಬಿಗಿ ಮಾಡಿದ್ದಕ್ಕ ಬಾಚಿ ಹಿಡಿ ತಗೊಂಡು ಹೊಡದಿದ್ದ. ಸಡಿಲ ಬಿಡಾಕ ಬರಬೇಕು ಮಗಳ, ಅದ ಬಡಿಗಿತನ."

ಅವ್ವ ರೊಟ್ಟಿ ಹಾಕುತ್ತ, "ನಿಮ್ಮ ಉಸ್ತಾದ ಇನ್ನೆರಡು ಏಟು ಹೆಚ್ಚಿಗಿ ಹಾಕಿದ್ರ ರೈಲೂ ಓಡ್ತಿತ್ತೇನೋ" ಅಂದಳು. ಅಪ್ಪನ ಮುಖ ಇಳಿಯಿತು. ಅವ್ವ ಕೂಡಲೇ ಪಲ್ಯ ಬಡಿಸಲು ಬಗ್ಗಿದಳು. ನಾನು ಹೇಳಬೇಕೆಂದಿದ್ದ ಮಾತನ್ನು ನುಂಗಿದೆ. ತಪ್ಪು ಕೈಯದಲ್ಲ, ನಿನ್ನ ಉಸ್ತಾದ ಕಲಿಸಿದ್ದು ಹಳಿಗೆ ಹೊಂದುವುದಿಲ್ಲ ಎಂದು ಆಗಲೇ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೈಯ ಮೇಲಿನ ನಂಬಿಕೆ ಹೋದವನ ಹತ್ತಿರ ಉಳಿದಿದ್ದ ವಿದ್ಯೆಯನ್ನೂ ಕಿತ್ತುಕೊಂಡಂತೆ ಆಗುತ್ತದೆ ಎಂದು ಹೆದರಿದೆ. ಡೈರಿಯಲ್ಲಿ 'ಹೇಳಲಿಲ್ಲ' ಎಂದಷ್ಟೇ ಇದೆ.

ಸೆಪ್ಟೆಂಬರ್ 7, ಭಾನುವಾರ, ಅಪ್ಪನ ಹಳೆಯ ಗಿರಾಕಿಯೊಬ್ಬರು ಬಂದರು. ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಅಪ್ಪ ಮಾಡಿದ ಗಾಡಿಗಳಲ್ಲಿ ಕಬ್ಬು ಸಾಗಿಸುತ್ತಿದ್ದವರು ಅವರು. ಶೆಡ್ಡಿನಲ್ಲಿ ರೈಲನ್ನು ನೋಡಿ, ಕಂಬಕ್ಕೆ ಒರಗಿ ಕುಳಿತು, ಓಡಿಸು ಅಂದರು. ಎರಡನೆಯ ಸುತ್ತಿಗೇ ನಾಲ್ಕನೆಯ ಡಬ್ಬಿ ಬಿತ್ತು.

"ಏನಲೇ ಬಡಿಗ್ಯಾ," ಅಂದರು ನಗುತ್ತ, "ಕಬ್ಬು ಹೇರಿದ ನಿನ್ನ ಗಾಡಿ ಹಳ್ಳದಾಗ ಇಳದ್ರೂ ಬೀಳಲಿಲ್ಲ. ಖಾಲಿ ರೈಲು ಸಪಾಟ ನೆಲದಾಗ ಬೀಳಾಕತ್ತದಲ್ಲೋ."

"ಆ ಗಾಡಿ ಮಾಡಿದ ಕೈ ಬ್ಯಾರೆ ಇತ್ರಿ," ಅಂದ ಅಪ್ಪ.

ಅವರಿಗೆ ಆಡಿದ್ದು ತಪ್ಪಾಯಿತು ಅನ್ನಿಸಿರಬೇಕು. ಹೋಗುವಾಗ, "ಮುಂದಿನ ಐತಾರ ನಮ್ಮ ಗಾಡಿ ಮಂದಿ ನಾಲ್ಕು ಜನಾನ ಕರ್ಕೊಂಡು ಬರ್ತೇನಿ. ಅಷ್ಟೊತ್ತಿಗಿ ಬರೋಬ್ಬರಿ ಮಾಡಿಡು" ಅಂದರು. ಆ ವಾರ ಅಪ್ಪ ಶೆಡ್ಡಿಗೆ ಹೋಗಲಿಲ್ಲ. ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ದಿನಕ್ಕೆ ನೂರು ಸಲ ಹಿಚುಕಬೇಕಿತ್ತು. ನನ್ನ ಎಣಿಕೆಯಲ್ಲಿ ಸೋಮವಾರ ಅರವತ್ತು, ಗುರುವಾರ ಇಪ್ಪತ್ತೈದು, ಶುಕ್ರವಾರ ಮುಟ್ಟಲಿಲ್ಲ.

ಸೆಪ್ಟೆಂಬರ್ 13 ಎರಡನೆಯ ಶನಿವಾರ, ನನಗೆ ರಜೆ. ಅವ್ವ ಅಪ್ಪನನ್ನು ಕರೆದುಕೊಂಡು ತಪಾಸಣೆಗೆ ಆಳಂದಕ್ಕೆ ಹೋದಳು. ಬಸ್ಸು ಕಣ್ಮರೆಯಾದ ಕೂಡಲೇ ನಾನು ಶೆಡ್ಡಿನ ಬಾಗಿಲು ಹಾಕಿಕೊಂಡೆ. ಇಪ್ಪತ್ತನಾಲ್ಕು ಕಡಾಣಿ ಕಿತ್ತೆ. ಅಚ್ಚಿನ ಮೇಲೆ ಗಾಲಿಗೆ ಹತ್ತಿರವಾಗಿ, ಒಂದೇ ಒಂದು ಪತ್ರಿಕೆಯ ತುಂಡು ಹೋಗುವಷ್ಟು ಸಂದು ಬಿಟ್ಟು, ಹೊಸ ತೂತು ಕೊರೆದೆ. ಐದು ತೂತು ಸೊಟ್ಟಗಾದವು. ಅಚ್ಚಿನ ತುದಿಯಲ್ಲಿ ಹಳೆಯ ತೂತು ಬರಿದಾಗಿ ಕಾಣುತ್ತಿತ್ತು. ಅಪ್ಪನ ಕಣ್ಣಿಗೆ ಬೀಳಬಾರದೆಂದು ಇಪ್ಪತ್ತನಾಲ್ಕು ತುದಿಗಳನ್ನೂ ಗರಗಸದಿಂದ ಕತ್ತರಿಸಿ ನೀರೊಲೆಗೆ ಹಾಕಿದೆ. ಮಧ್ಯಾಹ್ನ ಮೂರಕ್ಕೆ ಇಪ್ಪತ್ತು ಸುತ್ತು ಓಡಿಸಿದೆ. ಒಂದೂ ಬೀಳಲಿಲ್ಲ. ಮತ್ತೆ ಇಪ್ಪತ್ತು. ಬೀಳಲಿಲ್ಲ. ಅಂದು ನನಗೆ ಆದಷ್ಟು ಸಂತೋಷ ಆ ವರ್ಷ ಬೇರೆ ಯಾವ ದಿನವೂ ಆಗಿರಲಿಲ್ಲ.

ಭಾನುವಾರ ಆ ಗಿರಾಕಿ ಸೇರಿ ಐದು ಜನ ಮುದುಕರು ಬಂದರು. ರೈಲು ಮೂವತ್ತೊಂದು ಸುತ್ತು ಹಾಕಿತು. ಅವರು ಚಪ್ಪಾಳೆ ತಟ್ಟಿದರು. "ಕೈ ಹೋಗ್ಯಾದ ಅಂತ ಸುಳ್ಳ ಹೇಳ್ತಿದ್ದಿಯಲ್ಲೋ" ಎಂದು ಅಪ್ಪನ ಬೆನ್ನಿಗೆ ಗುದ್ದಿದರು. ಅಪ್ಪ ಪ್ರತಿ ಸುತ್ತಿಗೂ ತಿರುವನ್ನೇ ನೋಡುತ್ತಿದ್ದ. ನಗಲಿಲ್ಲ.

ಅವರು ಹೋದ ಮೇಲೆ ಕೊನೆಯ ಡಬ್ಬಿಯನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು, ಬೆರಳಿನಿಂದ ಗಾಲಿ ತಿರುಗಿಸಿದ. ಇನ್ನೊಂದು ಡಬ್ಬಿ ಎತ್ತಿದ. ಆರನ್ನೂ ನೋಡಿ ಸಾಲಾಗಿ ಇಟ್ಟ.

"ಇದು ನನ್ನ ತೂತಲ್ಲ."

ಕತ್ತರಿಸಿದ ಅಚ್ಚಿನ ತುದಿಯನ್ನು ಹೆಬ್ಬೆರಳಿನಿಂದ ಸವರಿದ.

"ನಿನಗೂ ತಿಳೀತಲ್ಲ, ಕೈ ಹೋಗ್ಯಾದ ಅಂತ. ಅದಕ್ಕ ಕದ್ದು ಮಾಡಿದಿ."

"ಇಲ್ಲಪ್ಪ," ಅಂದೆ. ಆಮೇಲೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಗಾಡಿಗೆ ಬೇಕಾದ ಸಡಿಲು ಹಳಿಗೆ ಬೇಡ ಎನ್ನುವುದು, ಒಳಗಿನ ಗಾಲಿ, ಲಗ್ನಪತ್ರಿಕೆಯ ತುಂಡು, ಇಪ್ಪತ್ತಮೂರು ಗಾಲಿಗೂ ಒಂದೇ ಅಳತೆ ಇದ್ದದ್ದು. "ಯಂತ್ರ ಮಾಡಿದ್ರೂ ಅಷ್ಟು ಸಮ ಬರ್ತಿರಲಿಲ್ಲಪ್ಪ. ನಿನ್ನ ಕೈ ಖರೆ ಅದ."

"ತೋರ್ಸು."

ತೋರಿಸಲು ಏನೂ ಇರಲಿಲ್ಲ. ಆ ಅಳತೆ ಇದ್ದದ್ದು ಅಚ್ಚಿನ ತುದಿಗಳಲ್ಲಿ, ತುದಿಗಳು ಒಲೆಯಲ್ಲಿ ಸುಟ್ಟುಹೋಗಿದ್ದವು. ಡೈರಿ ತಂದು ಆಗಸ್ಟ್ 29ರ ಪುಟ ತೆಗೆದೆ. ಅವನು ಅದರತ್ತ ಕಣ್ಣೂ ಹಾಯಿಸಲಿಲ್ಲ.

"ಬರದಾಕಿ ನೀನ, ಓದಾಕಿನೂ ನೀನ," ಅಂದ. ಸಿಟ್ಟಿನ ದನಿಯಲ್ಲ ಅದು. "ಪಾಪ, ಅಪ್ಪಗ ಸಮಾಧಾನ ಆಗಲಿ ಅಂತ ಹೇಳಾಕತ್ತಿ. ನನಗ ತಿಳೀತದ."

"ಹಂಗಾದ್ರ ಇನ್ನೊಂದು ಡಬ್ಬಿ ಮಾಡು. ನಿನ್ನ ಎದುರಿಗೇ ಅಳೀತೇನಿ."

ಅಪ್ಪ ಚರಕಿಯ ಮೇಲೆ ಬಟ್ಟೆ ಹೊದಿಸಿದ. ಗಾಳಿಗೆ ಹಾರದಂತೆ ನಾಲ್ಕೂ ಮೂಲೆಗೆ ಮರದ ತುಂಡು ಇಟ್ಟ. ಎಲ್ಲವನ್ನೂ ಎಡಗೈಯಿಂದ ಮಾಡಿದ.

ಆ ಸಂಜೆ ಅವ್ವ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತ ನನ್ನನ್ನು ಬೈದಳು. "ಎಲ್ಲಾ ಎಣಿಸ್ತಿ. ಬಾಯಿ ಬಿಟ್ಟು ಒಂದು ಮಾತು ಹೇಳೋದು ಮಾತ್ರ ಬರಲಿಲ್ಲೇನಬೇ ನಿನಗ?"

ಮುಂದಿನ ಭಾನುವಾರ ಆ ಐವರೂ ಮತ್ತೆ ಬಂದರು. ಈ ಸಲ ಸೊನ್ನ ಎಂಬ ಊರಿನಿಂದ ತಮ್ಮ ಬೀಗರೊಬ್ಬರನ್ನೂ ಕರೆತಂದಿದ್ದರು, ಬಡಿಗ ಮಾಡಿದ ರೈಲು ತೋರಿಸಲು. ಅಪ್ಪ ಎಲ್ಲರಿಗೂ ಚಾಪೆ ಹಾಕಿಸಿದ, ಚಾ ತರಿಸಿದ, ಹೊಲದ ತೊಗರಿ ಹೇಗಿದೆ ಎಂದು ಕೇಳಿದ. ಬೀಗರು ಡಬ್ಬಿಯೊಂದನ್ನು ಕೈಗೆತ್ತಿಕೊಂಡು, "ಏನ್ ನಾಜೂಕ ಮಾಡೀರಿ, ಬಡಿಗ್ಯಾರ" ಅಂದರು.

"ನಂದಲ್ರಿ," ಅಂದ ಅಪ್ಪ. "ರೈಲು ನಮ್ಮ ಹುಡುಗೀದು. ಆಕಿನ್ನ ಕೇಳ್ರಿ, ಓಡಿಸಿ ತೋರಿಸ್ತಾಳ."

ಎಲ್ಲರೂ ನನ್ನ ಕಡೆಗೆ ತಿರುಗಿದರು. ಅಪ್ಪ ತಿರುಗಲಿಲ್ಲ. ಎಡಗೈಯಲ್ಲಿ ಸಾಸರು ಹಿಡಿದು ಚಾ ಕುಡಿಯುತ್ತಿದ್ದ. ಬಲಗೈ ಅಂಗಿಯ ಮಡಿಕೆಯೊಳಗಿತ್ತು. ನಾನು ಹೋಗಿ ಗುಂಡಿ ಒತ್ತಿದೆ. ಆರೂ ಡಬ್ಬಿಗಳು ತಿರುವು ದಾಟಿ ಈಚೆ ಬಂದವು.