ಮೊದಲು ಆಯಿಗೆ

ಆ ಹುಡುಗಿಯ ಹೆಸರಿನ ಮುಂದೆ ದಿನಾ ಹಸಿರು ಬರುತ್ತಿತ್ತು. ಬೆಳಿಗ್ಗೆ ಕೇಂದ್ರದ ಬಾಗಿಲು ತೆಗೆದು ಟ್ಯಾಬ್ ಹಚ್ಚಿದರೆ ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಅಲ್ಲಿಗೇ. ಹಸಿರು ಕಂಡ ಮೇಲೆ ಚಹಾ ರುಚಿಯಾಗುತ್ತಿತ್ತು.

ನಾನು ಬೈಲಹೊಂಗಲದವಳು. ಮನೋಳಿ ಹತ್ತಿರದ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿ ಬಂದ ಹೊಸತರಲ್ಲಿ ನನ್ನ ಕೆಲಸವೆಲ್ಲ ಕಾಲಿನದಾಗಿತ್ತು. ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾರ ಮುತ್ಯಾ ಗುಳಿಗೆ ತಪ್ಪಿಸಿದ್ದಾನೆ ಎಂದು ಓಣಿ ಓಣಿ ತಿರುಗಬೇಕಿತ್ತು. ತಿರುಗಿ ಬೈಸಿಕೊಳ್ಳಬೇಕಿತ್ತು ಕೂಡ. ಆಮೇಲೆ ಟ್ಯಾಬ್ ಬಂತು. ದೊಡ್ಡ ಡಾಕ್ಟರು ಅದರೊಳಗಿಂದಲೇ ಮಾತಾಡಿಸತೊಡಗಿದರು. ಅದರ ಹಿಂದೆಯೇ ಮನೆಗೆ ಕೊಟ್ಟು ಕಳಿಸುವ ರಕ್ತದೊತ್ತಡದ ಯಂತ್ರಗಳು ಬಂದವು. ಒಳಗೆ ಸಿಮ್ ಇರುವ ಯಂತ್ರ. ಪಟ್ಟಿಯನ್ನು ತೋಳಿಗೆ ಸುತ್ತಿ ಗುಂಡಿ ಒತ್ತಿದರೆ ಸಾಕು, ಅಳತೆ ತಾನಾಗಿಯೇ ನನ್ನ ಟ್ಯಾಬಿಗೆ ಬಂದು ಬೀಳುತ್ತಿತ್ತು. ಸರಿ ಇದ್ದರೆ ಹಸಿರು, ಹೆಚ್ಚಾದರೆ ಕೆಂಪು. ಯಂತ್ರವೇ ಒಂದು ಹೆಣ್ಣಿನ ದನಿಯಲ್ಲಿ, “ಅಳತೆ ತಲುಪಿದೆ, ಎಲ್ಲವೂ ಸರಿಯಾಗಿದೆ” ಎಂದು ಹೇಳುತ್ತಿತ್ತು. ಜನ ಆಟಕ್ಕೆ ಒತ್ತಿ ಒತ್ತಿ ಕಾಟ ಕೊಡಬಾರದೆಂದು ದಿನದ ಮೊದಲ ಅಳತೆಯನ್ನು ಮಾತ್ರ ಕಳಿಸುವಂತೆ ಅದನ್ನು ಕಟ್ಟಿದ್ದರು. ಬುದ್ಧಿವಂತರು ಮಾಡಿದ ಕೆಲಸ ಎಂದು ನಾನೂ ತಲೆದೂಗಿದ್ದೆ.

ಆ ಹುಡುಗಿಗೆ ಯಂತ್ರ ಕೊಡಿಸಿದವಳು ನಾನೇ. ಕಿತ್ತೂರಿನ ಕಡೆ ದೇಗಾಂವದಿಂದ ಬಂದ ಸೊಸೆ, ಚೊಚ್ಚಲ ಬಸುರಿ. ಮೊದಲ ಸಲ ಕೇಂದ್ರಕ್ಕೆ ಬಂದಾಗಲೇ ಅವಳ ಒತ್ತಡ ಸ್ವಲ್ಪ ಮೇಲಿತ್ತು. ಅತ್ತೆ ತೀರಿಕೊಂಡಿದ್ದ ಮನೆ ಅದು. ಯಜಮಾನಿಕೆ ಗಂಡನ ಅಜ್ಜಿಯದು. ಊರೆಲ್ಲ ಅವಳನ್ನು ಆಯಿ ಎಂದೇ ಕರೆಯುತ್ತಿತ್ತು. ಇಂದಿಗೂ ಹೊಲಕ್ಕೆ ಹೋಗಿ ಕಳೆ ಕೀಳುವ ಬಡಕಲು ಮುದುಕಿ, ಮಾತು ಮಾತ್ರ ಖಡಕ್. ಹುಡುಗಿಯ ಗಂಡನಿಗೆ ಯಂತ್ರ ಒಪ್ಪಿಸಿ, ಪಟ್ಟಿ ಸುತ್ತುವುದನ್ನು ತೋರಿಸಿ, “ದಿನಾ ಮುಂಜಾನಿ ತಪ್ಪಸಬ್ಯಾಡ್ರಿ” ಎಂದಿದ್ದೆ. ಅವನು ಒಂದು ದಿನವೂ ತಪ್ಪಿಸಲಿಲ್ಲ. ಸವದತ್ತಿಯ ಮೀಟಿಂಗಿನಲ್ಲಿ ಆ ಹಸಿರಿನ ಸಾಲನ್ನು ನಾನು ಎಲ್ಲರಿಗೂ ತೋರಿಸಿ ಶಭಾಸ್‌ಗಿರಿ ಪಡೆದಿದ್ದೂ ಉಂಟು.

ಅವಳ ಕುಬಸಕ್ಕೆ, ಅಂದರೆ ಸೀಮಂತದ ಕಾರ್ಯಕ್ಕೆ, ನನಗೂ ಕರೆ ಬಂದಿತ್ತು. ದೇಗಾಂವದಿಂದ ತವರಿನವರು ಒಂದು ಜೀಪಿನ ತುಂಬ ಬಂದಿದ್ದರು. ಹಸಿರು ಸೀರೆ, ಹಸಿರು ಬಳೆ, ಬುಟ್ಟಿಗಟ್ಟಲೆ ಶೇಂಗಾ ಹೋಳಿಗೆ. ಮಧ್ಯಾಹ್ನದ ಹೊತ್ತಿಗೆ ಕೇಂದ್ರದ ಕೆಲಸ ಮುಗಿಸಿ ನಾನು ಹೋದಾಗ ಹುಡುಗಿಯನ್ನು ಪಡಸಾಲೆಯಲ್ಲಿ ಮಣೆಯ ಮೇಲೆ ಕೂರಿಸಿದ್ದರು. ಬಂದ ಹೆಂಗಸರೆಲ್ಲ ಉಡಿ ತುಂಬಿ, ಮುಖದಲ್ಲಿ ಏನು ಕಳೆ ಬಂದಿದೆ ಎಂದು ನೆಟಿಗೆ ಮುರಿಯುತ್ತಿದ್ದರು. ನನ್ನ ಸರದಿ ಬಂತು. ಕುಂಕುಮ ಹಚ್ಚಲು ಬಗ್ಗಿದೆ. ಅವರು ಕಳೆ ಎನ್ನುತ್ತಿದ್ದದ್ದು ಬಾವು. ರೆಪ್ಪೆಗಳು ಊದಿಕೊಂಡಿದ್ದವು. ಕಾಲುಂಗುರ ಬೆರಳಿನಲ್ಲಿ ಹೂತುಹೋಗಿತ್ತು.

“ಹ್ಯಾಂಗದೀಯವ್ವಾ?” ಎಂದೆ.

ಹಿರಿಯರ ಮುಂದೆ ಅವಳು ತಲೆ ಎತ್ತಲಿಲ್ಲ. ತುಟಿ ಅಲುಗಿದ್ದಷ್ಟೇ. “ನಿನ್ನಿಯಿಂದ ತಲಿ ಸಿಡ್ಯಾಕತ್ತೈತ್ರಿ ಅಕ್ಕಾರ. ಯಾರ ಮುಖಾ ನೋಡಿದ್ರೂ ಸುತ್ತಲೂ ಮಿಣಕ ಮಿಣಕ ಅಂತೈತಿ. ಯಾರಿಗೂ ಹೇಳಬ್ಯಾಡ್ರಿ, ಕಾರ್ಯ ಮುಗೀಲಿ.”

ತುಂಬು ಬಸುರಿಗೆ ತಲೆ ಸಿಡಿದು ಕಣ್ಣ ಮುಂದೆ ಮಿಣುಕಿದರೆ ಮುಂದೆ ಬರುವುದು ಫಿಟ್ಸ್. ಅದು ಬಂದರೆ ತಾಯಿಯೂ ಉಳಿಯದಿರಬಹುದು, ಮಗುವೂ ಉಳಿಯದಿರಬಹುದು. ಇವಳ ಇವತ್ತಿನ ಅಳತೆ ಇನ್ನೂ ಬಂದಿರಲಿಲ್ಲ, ಆದರೆ ನಿನ್ನೆ ಬೆಳಿಗ್ಗೆ ಕೂಡ ಹಸಿರೇ ಇತ್ತಲ್ಲ? ಗಂಡನನ್ನು ಕರೆದು ಯಂತ್ರ ತರಲು ಹೇಳಿದೆ.

“ಇವತ್ತ ಗಡಿಬಿಡಿಯೊಳಗ ಹಚ್ಚೇ ಇಲ್ರಿ,” ಎನ್ನುತ್ತ ಅವನು ದೇವರ ಜಗಲಿಯಿಂದ ಅದನ್ನು ತಂದ. ವಸ್ತ್ರದಲ್ಲಿ ಸುತ್ತಿ, ಮೇಲೊಂದು ಕುಂಕುಮದ ಬೊಟ್ಟು ಇಟ್ಟಿದ್ದರು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವನು ಹುಡುಗಿಯ ಮಣೆಯನ್ನು ದಾಟಿ ಸೀದಾ ಆಯಿಯ ಹತ್ತಿರ ಹೋಗಿ ಕೂತ. ಆಯಿ ಅಷ್ಟರಲ್ಲೇ ಕುಪ್ಪಸದ ತೋಳು ಮೇಲೇರಿಸಿ ಕೈ ಚಾಚಿದ್ದಳು. ದಿನಾ ಮಾಡುವ ಕೆಲಸದ ಹಾಗೆ ಅವನು ಪಟ್ಟಿ ಸುತ್ತಿ ಗುಂಡಿ ಒತ್ತಿದ. ನಾನು ಏನಾಗುತ್ತಿದೆ ಎಂದು ತಿಳಿದು ಬಾಯಿ ತೆರೆಯುವುದರೊಳಗೆ ಯಂತ್ರ ಹೇಳಿತು: “ಅಳತೆ ತಲುಪಿದೆ, ಎಲ್ಲವೂ ಸರಿಯಾಗಿದೆ.” ನನ್ನ ಚೀಲದೊಳಗೆ ಟ್ಯಾಬ್ ಟಿಣ್ಣೆಂದಿತು. ತೆಗೆದು ನೋಡಿದೆ. ಹುಡುಗಿಯ ಹೆಸರು, ಮುಂದೆ ಹಸಿರು.

“ಇದೇನು ಮಾಡಿದ್ರಿ?” ನನ್ನ ದನಿ ನನಗೇ ಗುರುತು ಸಿಗದಷ್ಟು ಒರಟಾಗಿತ್ತು.

“ಮನಿಗೆ ಏನ ಬಂದ್ರೂ ಮೊದಲ ಆಯಿಗೇರಿ,” ಎಂದ ಅವನು, ಇದೂ ಒಂದು ಕೇಳುವ ಮಾತೇ ಎಂಬಂತೆ. “ಆಮ್ಯಾಲ ಆಕಿಗೂ ಹಚ್ಚತೇವ್ರಿ. ಒಂದ ದಿನಾನೂ ಬಿಟ್ಟಿಲ್ಲ.”

“ಆಕೀದು ಎಷ್ಟು ತೋರಸತಿತ್ತು?”

“ಹೆಚ್ಚ ತೋರಸತಿತ್ರಿ. ಒಬ್ಬರಿಗೆ ಹಚ್ಚಿದ ಮ್ಯಾಲ ಮಷೀನ್ ಗರಮ್ ಆಗಿರತೈತಿ, ಅದಕ್ಕ ಏರಿಸಿ ತೋರಸತೈತಿ ಅಂದ್ಕೊಂಡ್ವಿ. ಎಲ್ಲಾ ಸರಿ ಐತಿ ಅಂತ ಅದಽ ಹೇಳತಿತ್ತಲ್ರಿ.”

ಆ ಮನೆಯಲ್ಲಿ ಹಬ್ಬದ ಹೋಳಿಗೆ, ಹೊಸ ಅಕ್ಕಿ, ಹೊಸ ಸೀರೆ ಎಲ್ಲವೂ ಮೊದಲು ಆಯಿಯ ಕೈ ಮುಟ್ಟಬೇಕು. ಅದು ನನ್ನ ತವರಿನಲ್ಲೂ ಹಾಗೆಯೇ. ಯಂತ್ರ ಕಟ್ಟಿದವರಿಗೆ ಅದು ಗೊತ್ತಿರಲಿಲ್ಲ, ಹೋಗಲಿ. ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆದಿರಲಿಲ್ಲ. ಇಷ್ಟು ದಿನ ನಾನು ಚಹಾ ಕುಡಿಯುತ್ತ ನೋಡಿ ನೆಮ್ಮದಿಪಟ್ಟದ್ದು ಹೊಲದಲ್ಲಿ ದುಡಿದು ಗಟ್ಟಿಯಾದ ಒಬ್ಬ ಮುದುಕಿಯ ರಕ್ತವನ್ನು. ಸಿಟ್ಟು ಯಾರ ಮೇಲೆ ಎಂದು ತಿಳಿಯದೆ ಮೈ ಉರಿಯಿತು.

ಪಟ್ಟಿ ಬಿಚ್ಚಿ ಹುಡುಗಿಯ ತೋಳಿಗೆ ಸುತ್ತಿದೆ. ಮೇಲಿನ ಅಂಕಿ ನೂರಾ ಎಪ್ಪತ್ತು ದಾಟಿತು. ಈ ಸಲ ಯಂತ್ರ ಏನೂ ಹೇಳಲಿಲ್ಲ. ಅಂದಿನ ಅದರ ಮಾತು ಮುಗಿದಿತ್ತು.

ಪಡಸಾಲೆಯಲ್ಲಿ ವಿಡಿಯೊ ಕರೆಗೆ ಸಾಕಾಗುವಷ್ಟು ಸಿಗ್ನಲ್ ಇರದೆ ಟ್ಯಾಬ್ ಹಿಡಿದು ಮಾಳಿಗೆ ಹತ್ತಿದೆ. ನಮ್ಮ ಹಳ್ಳಿಯನ್ನು ನೋಡಿಕೊಳ್ಳುವ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಪರದೆಯ ಮೇಲೆ ಬಂದರು. ವಿಷಯ ಹೇಳಿದೆ. ಅವರ ಕಣ್ಣು ಬೇರೆ ಕಡೆ ಓಡಾಡಿತು. ಹುಡುಗಿಯ ಹಳೆಯ ಅಳತೆಗಳನ್ನು ನೋಡುತ್ತಿದ್ದರು.

“ಎಲ್ಲಾ ನಾರ್ಮಲ್ ಅದಲ್ಲಾ. ಈಗಷ್ಟೇ ಒಂದು ಬಂದದ, ಅದೂ ನಾರ್ಮಲ್. ಕಾರ್ಯದ ಗದ್ದಲದಾಗ ಏರಿರಬೇಕು. ಮಲಗಿಸಿ ಸ್ವಲ್ಪ ಹೊತ್ತಿನ ಮ್ಯಾಲ ಮತ್ತ ನೋಡ್ರಿ.”

“ಅದು ಆಕೀ ಕೈ ಅಲ್ರಿ ಸರ್. ಅಷ್ಟೂ ಆಕೀ ಗಂಡನ ಅಜ್ಜೀದು.”

ಪರದೆಯ ಮೇಲಿನ ಚಿತ್ರ ನಿಂತುಹೋಯಿತು ಎಂದುಕೊಂಡೆ. ಇಲ್ಲ, ಅವರೇ ಅಲುಗದೆ ಕೂತಿದ್ದರು. ಆಮೇಲೆ ಒಂದು ಮಾತೂ ವ್ಯರ್ಥ ಮಾಡಲಿಲ್ಲ. ಧಾರವಾಡದಲ್ಲಿದ್ದ ಹೆರಿಗೆ ತಜ್ಞೆಯನ್ನು ಅದೇ ಕರೆಯೊಳಗೆ ಎಳೆದುತಂದರು. ಹುಡುಗಿಯನ್ನು ಇಬ್ಬರು ಹಿಡಿದು ಮಾಳಿಗೆಯ ಮೆಟ್ಟಿಲವರೆಗೆ ತಂದು ಕೂರಿಸಿದರು. ತಜ್ಞೆ ಮುಖ ತೋರಿಸೆಂದರು, ಕಾಲು ತೋರಿಸೆಂದರು, ಮೊಣಕಾಲ ಕೆಳಗೆ ಅಂಗೈ ಅಂಚಿನಿಂದ ತಟ್ಟೆಂದರು. ತಟ್ಟಿದರೆ ಕಾಲು ಜಾಡಿಸಿ ಒದ್ದಂತೆ ಎಗರಿತು.

“ಫಿಟ್ಸ್ ಹೊಸ್ತಿಲ ಮ್ಯಾಲ ಕುಂತದ,” ಎಂದರು ಅವರು. “ಆಂಬುಲೆನ್ಸ್ ದಾರಿ ಕಾಯಬ್ಯಾಡ್ರಿ. ಇರೋ ಗಾಡ್ಯಾಗ ಹೊರಡ್ರಿ. ನಿಮ್ಮ ಸೆಂಟರಿನೊಳಗ ನಿಲ್ಲಿಸಿ ಫಿಟ್ಸ್ ತಡಿಯೋ ಮ್ಯಾಗ್ನೀಶಿಯಂ ಸೂಜಿ ಮಾಡಿ ಸವದತ್ತಿಗೆ ಕರಕೊಂಡ ಹೋಗ್ರಿ. ನಾ ಲೈನ್ ಮ್ಯಾಲೇ ಇರತೇನಿ.”

ಕೆಳಗೆ ಬಂದರೆ ಇನ್ನೊಂದು ಕಟ್ಟಳೆ. ಆರತಿ ಆಗಿರಲಿಲ್ಲ. ಆರತಿ ಆಗದೆ ಮಣೆಯಿಂದ ಎದ್ದ ಬಸುರಿ ಹೊಸ್ತಿಲು ದಾಟಬಾರದೆಂದು ದೇಗಾಂವದವರು ಗೊಣಗಿದರು. ಹುಡುಗಿಯ ತಾಯಿ ಅಳತೊಡಗಿದಳು. ಗಂಡ ಆಯಿಯ ಮುಖ ನೋಡಿದ. ಎಲ್ಲರೂ ಆಯಿಯ ಮುಖವನ್ನೇ ನೋಡಿದರು. ನಾನೂ. ಮೇಲೆ ಇಬ್ಬರು ಡಾಕ್ಟರರು ಹೇಳಿದ್ದು ಕೆಳಗೆ ಅವಳೊಬ್ಬಳು ಹ್ಞೂಂ ಎನ್ನದೆ ನಡೆಯುವಂತಿರಲಿಲ್ಲ.

ಆಯಿ ಬಿಚ್ಚಿಟ್ಟ ಪಟ್ಟಿಯನ್ನೇ ನೋಡುತ್ತಿದ್ದಳು. “ಹಂಗಾರ ಇಷ್ಟ ದಿನಾ ನಿನ್ನ ಪೆಟಗ್ಯಾಗ ಹೋಗಿದ್ದು ನನ್ನ ರಕ್ತೇನು?”

“ಹೌದು ಆಯಿ.”

“ಈ ಕೂಸಿಂದು ಯಾರೂ ನೋಡೇ ಇಲ್ಲ?”

“ಇಲ್ಲ.”

ಅವಳು ಗೋಡೆ ಹಿಡಿದು ಎದ್ದಳು. “ಆರತಿ ಎಲ್ಲಿ ಓಡಿ ಹೋಗತೈತಿ. ಗಾಡಿ ತಗೀರಿ,” ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಕೇಂದ್ರದಲ್ಲಿ ಸೂಜಿ ಮಾಡುವಾಗ ಟ್ಯಾಬನ್ನು ಔಷಧದ ಕಪಾಟಿಗೆ ಆನಿಸಿ ನಿಲ್ಲಿಸಿದ್ದೆ. ತರಬೇತಿಯಲ್ಲಿ ಕಲಿತಿದ್ದೆ, ಆದರೆ ನನ್ನ ಕೈಯಾರೆ ಆ ಔಷಧ ಯಾರಿಗೂ ಕೊಟ್ಟಿರಲಿಲ್ಲ. ತಜ್ಞೆ ಪರದೆಯೊಳಗಿಂದ ಸಿರಿಂಜಿನ ಗೆರೆಯನ್ನು ಎರಡೆರಡು ಸಲ ಓದಿಸಿದರು. ಅವರ ದನಿ ಇಲ್ಲದಿದ್ದರೆ ನಾನು ಆ ಸೂಜಿ ಮುಟ್ಟುತ್ತಿರಲಿಲ್ಲ. ಇಷ್ಟು ದಿನ ನನಗೆ ಸುಳ್ಳು ಹೇಳಿದ್ದ ಟ್ಯಾಬೇ ಈಗ ನನ್ನ ಕೈ ಹಿಡಿದಿತ್ತು. ಅದನ್ನು ಬಡಿಯಲೋ ಕಣ್ಣಿಗೊತ್ತಿಕೊಳ್ಳಲೋ ತಿಳಿಯಲಿಲ್ಲ.

ಸವದತ್ತಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದಕ್ಕೆ ಎರಡೆರಡು ಟ್ರೇಲರ್, ಪಕ್ಕಕ್ಕೆ ಸರಿಯುವ ಮಾತೇ ಇಲ್ಲ. ಜೀಪಿನ ಹಿಂದಿನ ಸೀಟಿನಲ್ಲಿ ಹುಡುಗಿಯ ತಲೆ ನನ್ನ ತೊಡೆಯ ಮೇಲಿತ್ತು. ಒಂದು ಗಳಿಗೆ ಅವಳ ಬೆರಳುಗಳು ತಾವಾಗಿಯೇ ಅದುರಿದವು, ಹಸಿರು ಬಳೆಗಳು ಕಿಣಿಕಿಣಿ ಎಂದವು. ಅವಳ ಮಣಿಕಟ್ಟು ಹಿಡಿದು ಕಾದೆ. ಬಳೆಗಳು ಸುಮ್ಮನಾದವು. “ಅಕ್ಕಾರ, ಎಲ್ಲಿ ಬಂದ್ವಿ?” ಎಂದಳು. ಅವಳು ಪ್ರಶ್ನೆ ಕೇಳಿದಳಲ್ಲ ಎಂಬುದೇ ನನಗೆ ದೊಡ್ಡದಾಯಿತು.

ಸವದತ್ತಿ ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಕಾಯುತ್ತಿತ್ತು. ನಮ್ಮ ಡಾಕ್ಟರು ಎಲ್ಲ ವಿವರವನ್ನು ಮೊದಲೇ ಕಳಿಸಿದ್ದರು. ಹಳೆಯ ಅಳತೆ ಯಾವುದನ್ನೂ ನಂಬಬೇಡಿ ಎಂದು ಮೇಲೆ ಬರೆದಿದ್ದರು. ಅಲ್ಲಿಂದ ಅವಳನ್ನು ಆಂಬುಲೆನ್ಸಿನಲ್ಲಿ ಧಾರವಾಡಕ್ಕೆ ಕಳಿಸಿದರು. ಗಂಡನೂ ತಾಯಿಯೂ ಜೊತೆಗೆ ಹೋದರು. ನಾನು ಬಸ್ ಹತ್ತಿ ವಾಪಸಾದೆ.

ಮರುದಿನ ಬೆಳಿಗ್ಗೆಯಾದರೂ ಸುದ್ದಿಯಿಲ್ಲ. ಗಂಡನ ಫೋನು ಸ್ವಿಚ್ ಆಫ್. ಕೇಂದ್ರದ ಬಾಗಿಲು ತೆಗೆದೆ, ಚಹಾಕ್ಕೆ ಇಟ್ಟೆ, ಟ್ಯಾಬ್ ಹಚ್ಚಲಿಲ್ಲ. ಕೊನೆಗೆ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಅದು ಟಿಣ್ಣೆಂದಿತು.

ಅವಳ ಹೆಸರು, ಮುಂದೆ ಹಸಿರು.

ಧಾರವಾಡದಲ್ಲಿ ಬದುಕಿದ್ದಾಳೋ ಇಲ್ಲವೋ ಗೊತ್ತಿಲ್ಲದವಳಿಗೆ ಇಲ್ಲಿ ಎಲ್ಲವೂ ಸರಿಯಾಗಿದೆಯಂತೆ. ಆ ಮನೆಗೆ ಫೋನ್ ಮಾಡಿದೆ. ಆಯಿಯೇ ಎತ್ತಿದಳು. ನಾನು ಬಾಯಿಗೆ ಬಂದಂತೆ ಬೈದೆ. ನಿನ್ನೆ ಅಷ್ಟು ಹೇಳಿದ ಮೇಲೂ ಮತ್ತೆ ಯಾಕೆ ಹಚ್ಚಿಕೊಂಡಿರಿ ಎಂದೆ.

ಆಯಿ ಪೂರ್ತಿ ಕೇಳಿದಳು. “ಬಾಜೂ ಮನಿಯಾಕೀನ ಕರದು ಹಚ್ಚಿಸಿಕೊಂಡೇನವ್ವಾ. ಆಕೀ ಹೆಸರ ತಗೊಂಡು ಹಚ್ಚಿಸಿಕೊಂಡೇನಿ. ಆಕೀ ಸಲುವಾಗಿ ನಾ ವಾರಾ ಹಿಡೀತೇನಿ, ಉಪಾಸ ಇರತೇನಿ, ಅವೆಲ್ಲಾ ಆಕಿಗೇ ಮುಟ್ಟತಾವಲ್ಲಾ. ಇದೂ ಮುಟ್ಟಲಿ ಅಂದೆ.” ಮತ್ತೆ ತಾನೇ ಕೇಳಿದಳು. “ಹಸರ ಬಂತೇನು?”

ನನ್ನ ಸಿಟ್ಟು ಎಲ್ಲಿ ಹೋಯಿತೋ. “ಬಂದೈತಿ ಆಯಿ,” ಎಂದೆ. ಕಣ್ಣು ತುಂಬಿ ಬಂತು.

ಬಿಸಿಲೇರಿದ ಮೇಲೆ ಗಂಡನ ಫೋನ್ ಬಂತು. ಆಪರೇಷನ್ ಮಾಡಿ ಮಗು ತೆಗೆದಿದ್ದರು. ಹೆಣ್ಣು, ಬಹಳ ಸಣ್ಣದು, ಗಾಜಿನ ಪೆಟ್ಟಿಗೆಯಲ್ಲಿದೆ, ಆದರೆ ಅತ್ತಿದೆ. ಇವಳು ಕಣ್ಣು ಬಿಟ್ಟು ನೀರು ಕೇಳಿದಳಂತೆ. ಅವನು ಹೇಳುತ್ತ ಹೇಳುತ್ತ ಅತ್ತುಬಿಟ್ಟ. ನಾನು ಆಯಿಗೆ ಫೋನ್ ಮಾಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಆ ಕಡೆಯಿಂದ ಮೂಗು ಒರೆಸಿಕೊಂಡದ್ದಷ್ಟೇ ಕೇಳಿಸಿತು.

ಆಮೇಲೆ ಆಯಿ ಕೇಳಿದಳು. “ನಾಳಿಗೂ ಹಚ್ಚಿಸಿಕೊಳ್ಳಲೇನವ್ವಾ?”

ಬೇಡ ಎನ್ನಬೇಕಿತ್ತು. ಅದನ್ನು ಹೇಗೆ ಹೇಳುವುದೆಂದು ತಿಳಿಯದೆ ಕಿಟಕಿಯ ಆಚೆ ನೋಡಿದೆ. ಅವರ ಓಣಿಗೆ ಹೋಗುವ ದಾರಿ ಕಾಣುತ್ತಿತ್ತು. ಯಾರೂ ಕರೆಯದೆ, ಬರೀ ವಿಚಾರಿಸಿಕೊಂಡು ಬರಲೆಂದು ನಾನು ಅಲ್ಲಿ ನಡೆದು ಹೋಗಿ ಎಷ್ಟು ಕಾಲವಾಗಿತ್ತೋ.

“ತಡೀರಿ ಆಯಿ,” ಎಂದೆ. “ನಾಳೆ ಮುಂಜಾನಿ ನಾನಽ ಬರತೇನಿ.”